ಚಾಪೆಯ ಮೇಲೆ ಕತ್ತರಿಸಿದ ಜುಬ್ಬಾ

ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳಬೇಕೆಂಬ ಆಸೆ ಬಹಳ ಜನರಿಗಿದೆ. ಆ ಆಸೆ ಅಲ್ಲೇ ಬಾಡಿಹೋಗುವುದಕ್ಕೆ ಅವರು ಹೇಳುವ ಕಾರಣವೂ ಹೆಚ್ಚುಕಡಿಮೆ ಒಂದೇ: ಅದಕ್ಕೆಲ್ಲ ಮನೆಯಲ್ಲಿ ಅನುಕೂಲ ಎಲ್ಲಿದೆ? ಬಟ್ಟೆ ಹರವಿ ಕತ್ತರಿಸಲು ಸೊಂಟದೆತ್ತರದ ಉದ್ದನೆಯ ಮೇಜಿಲ್ಲ, ಅಂಚು ಬಿಗಿಯಲು ಓವರ್‌ಲಾಕ್ ಯಂತ್ರವಿಲ್ಲ, ಇಸ್ತ್ರಿಗೆ ಬೇರೆ ಹಲಗೆಯಿಲ್ಲ, ಅಳತೆ ನೋಡಲು ಗೊಂಬೆಯಿಲ್ಲ. ಇರುವುದು ಅಟ್ಟದ ಮೇಲೆ ದೂಳು ತಿನ್ನುತ್ತ ಕುಳಿತ ಒಂದು ಕೈಯಂತ್ರ, ಮಂಚ ಸರಿಸಿದರೆ ಸಿಗುವ ಒಂದಿಷ್ಟು ನೆಲ, ರಾತ್ರಿ ಊಟ ಮುಗಿದ ಮೇಲಿನ ಒಂದೆರಡು ತಾಸು. ಇಷ್ಟರಲ್ಲಿ ಹೊಲಿದದ್ದು ಅಂಗಡಿಯ ಬಟ್ಟೆಯ ಹಾಗೆ ಕಾಣುವುದಿಲ್ಲ ಎಂಬ ಅಳುಕು ಬೇರೆ. ಆ ಅಳುಕಿನಲ್ಲಿ ನಿಜವಿದೆ, ಆದರೆ ಅದರಿಂದ ತೆಗೆಯುವ ತೀರ್ಮಾನ ತಪ್ಪು. ಮನೆಯ ಹೊಲಿಗೆ ಸೋಲುವುದು ಸಲಕರಣೆ ಸಾಲದೆ ಅಲ್ಲ. ಕಾರ್ಖಾನೆಯ ಸಲಕರಣೆಗೆಂದೇ ಹುಟ್ಟಿದ ಉಡುಪನ್ನು ಮನೆಯ ಸಲಕರಣೆಯಲ್ಲಿ ನಕಲು ಮಾಡಲು ಹೋದಾಗ ಅದು ಸೋಲುತ್ತದೆ. ನೆಲದ ಮೇಲೆ ಕೂತು, ಕಿರಿದಾದ ಬಟ್ಟೆಯನ್ನು, ಕೈಗೆ ಸಿಕ್ಕ ಉಪಕರಣದಿಂದ ಹೊಲಿಯಲೆಂದೇ ರೂಪುಗೊಂಡ ಉಡುಪುಗಳು ನಮ್ಮಲ್ಲಿವೆ. ಅವುಗಳಿಂದ ಶುರು ಮಾಡಿದರೆ, ಇಲ್ಲ ಎಂದು ಎಣಿಸಿದ ವಸ್ತುಗಳಲ್ಲಿ ಮುಕ್ಕಾಲು ಪಾಲು ಬೇಕಾಗುವುದೇ ಇಲ್ಲ.

ಉಡುಪಿನ ಆಕಾರವನ್ನು ತೀರ್ಮಾನಿಸುವುದು ಮೈ ಎಂದು ನಾವು ತಿಳಿದಿರುತ್ತೇವೆ. ಅರ್ಧ ಪಾಲು ಅದನ್ನು ತೀರ್ಮಾನಿಸುವುದು ಮಗ್ಗ. ಕೆನಡಾದ ಟೊರಾಂಟೊದಲ್ಲಿರುವ ರಾಯಲ್ ಒಂಟಾರಿಯೊ ಮ್ಯೂಸಿಯಂಗಾಗಿ ಡೊರೊಥಿ ಬರ್ನ್‌ಹ್ಯಾಮ್ 1973ರಲ್ಲಿ ಪ್ರಕಟಿಸಿದ ಒಂದು ಕಿರುಪುಸ್ತಕ ಇದನ್ನು ಚಿತ್ರಸಮೇತ ತೋರಿಸಿತು. ನಾನಾ ನಾಡುಗಳ ಹಳೆಯ ಅಂಗಿಗಳನ್ನು ಬಿಡಿಸಿ ನೋಡಿದರೆ, ನೇಯ್ದ ಬಟ್ಟೆಯ ಅಗಲ ಎಷ್ಟಿತ್ತೋ ಅದಕ್ಕೆ ಒಗ್ಗುವ ಹಾಗೆ, ಒಂದು ಚೂರೂ ಪೋಲಾಗದ ಹಾಗೆ ಅವನ್ನು ಕತ್ತರಿಸಿದ್ದರು. ನೂಲುವುದು, ನೇಯುವುದು ಎರಡೂ ಕೈಯಿಂದಲೇ ಆಗುತ್ತಿದ್ದ ಕಾಲದಲ್ಲಿ ಒಂದು ಗೇಣು ಬಟ್ಟೆಯ ಹಿಂದೆ ಎಷ್ಟು ದಿನದ ದುಡಿಮೆಯಿದೆ ಎಂಬುದು ಕತ್ತರಿ ಹಿಡಿದವರಿಗೆ ಗೊತ್ತಿತ್ತು. ನಮ್ಮ ನಾಡಂತೂ ಈ ತರ್ಕವನ್ನು ಕೊನೆಯ ತುದಿಗೆ ಒಯ್ದಿತು. ಸೀರೆ, ಪಂಚೆ, ರುಮಾಲು ಮಗ್ಗದಿಂದ ಇಳಿದ ಮೇಲೆ ಕತ್ತರಿಯನ್ನೇ ಕಾಣುವುದಿಲ್ಲ. ಕತ್ತರಿ ಕಾಣಲೇಬೇಕಾದ ಕಡೆಯೂ ಅದು ಮಗ್ಗದ ಮಾತು ಕೇಳುತ್ತಿತ್ತು. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣವನ್ನು ನೋಡಿ. ಅದು ಕುಪ್ಪಸಕ್ಕೆಂದೇ ನೇಯುವ ಬಟ್ಟೆ. ಅಗಲ ಕಡಿಮೆ, ಎರಡೂ ಕಡೆ ಅಂಚು. ಆ ಅಂಚೇ ತೋಳಿನ ತುದಿಗೆ, ಕುಪ್ಪಸದ ಕೆಳಬದಿಗೆ ಬರುವಂತೆ ಕತ್ತರಿಸುತ್ತಾರೆ. ಹೀಗಾಗಿ ಅಲ್ಲಿ ಮಡಚಿ ಹೆಮ್ಮಿಂಗ್ ಮಾಡುವ ಕೆಲಸವೇ ಇರುವುದಿಲ್ಲ. ಎಳೆ ಬಿಚ್ಚದ ಅಂಚನ್ನು ನೇಕಾರನೇ ಕೊಟ್ಟುಬಿಟ್ಟಿರುವಾಗ ಓವರ್‌ಲಾಕ್ ಯಂತ್ರ ಯಾರಿಗೆ ಬೇಕು?

ಮಾತು ಬರೀ ಮಾತಾಗಿ ಉಳಿಯದಿರಲು ಒಂದು ಜುಬ್ಬಾವನ್ನು ಲೆಕ್ಕ ಹಾಕಿಯೇ ನೋಡಬಹುದು. 36 ಇಂಚು ಅಗಲದ ಸಾದಾ ಹತ್ತಿ ಬಟ್ಟೆ 80 ಇಂಚು ತೆಗೆದುಕೊಳ್ಳಿ, ಅಂದರೆ ಎರಡು ಮೀಟರಿಗಿಂತ ಒಂದಿಷ್ಟು ಹೆಚ್ಚು. ಅದನ್ನು ಉದ್ದಕ್ಕೆ ಸರಿಯಾಗಿ ಎರಡು ಪಾಲು ಮಾಡಿದರೆ 18 ಇಂಚು ಅಗಲದ ಎರಡು ಪಟ್ಟೆಗಳು. ಮೊದಲನೆಯದನ್ನು ಅಡ್ಡಲಾಗಿ ಮಡಚಿದರೆ ಅದೇ ಮುಂಭಾಗ, ಅದೇ ಬೆನ್ನು. ಮಡಿಕೆಯೇ ಭುಜವಾಗುವುದರಿಂದ ಅಲ್ಲಿ ಹೊಲಿಗೆಯೇ ಇಲ್ಲ. ಕೊರಳಿಗೆ ಮಾತ್ರ ಒಂದು ಕಂಡಿ. ಎರಡನೆಯ ಪಟ್ಟೆಯಿಂದ 22 ಇಂಚಿನ ಎರಡು ತುಂಡು ತೆಗೆದರೆ ಎರಡು ತೋಳು. ಉಳಿದ 36 ಇಂಚಿನಲ್ಲಿ 32 ಇಂಚನ್ನು ಉದ್ದಕ್ಕೆ ಸೀಳಿದರೆ 9 ಇಂಚು ಅಗಲದ ಎರಡು ಆಯತಗಳು ಸಿಗುತ್ತವೆ. ಪ್ರತಿ ಆಯತದಲ್ಲೂ ಮೇಲೆ ಒಂದು ಮೂಲೆಯಿಂದ 3 ಇಂಚು, ಕೆಳಗೆ ಎದುರು ಮೂಲೆಯಿಂದ 3 ಇಂಚು ಗುರುತಿಸಿ ಓರೆಯಾಗಿ ಕತ್ತರಿಸಿ. ಮೇಲೆ 3, ಕೆಳಗೆ 6 ಇಂಚು ಇರುವ ಎರಡೆರಡು ತುಂಡು ಬರುತ್ತವೆ. ದರ್ಜಿಗಳು ಇದಕ್ಕೆ ಕಲಿ ಎನ್ನುತ್ತಾರೆ. ನಾಲ್ಕು ಕಲಿಗಳನ್ನು ಪಕ್ಕಗಳಿಗೆ ಸೇರಿಸಿದರೆ ಜುಬ್ಬಾ ಕೆಳಗಿಳಿಯುತ್ತ ಅಗಲವಾಗುತ್ತದೆ, ನಡೆಯಲು ಕೂರಲು ತಡೆಯಿಲ್ಲ. ಕೊನೆಗೆ ಉಳಿದ 4 ಇಂಚಿನ ಪಟ್ಟಿಯಲ್ಲಿ ಎರಡು ಚೌಕ ಕಂಕುಳಿಗೆ, ಮಿಕ್ಕಿದ್ದು ಕೊರಳ ಪಟ್ಟಿಗೆ. ಎದೆಯಳತೆ 36 ಇಂಚು ಇರುವವರಿಗೆ ಇದು ಸಡಿಲವಾಗಿ ಕೂರುತ್ತದೆ. ನೆಲಕ್ಕೆ ಬೀಳುವುದು ಕೊರಳಿನ ಒಂದು ಅಂಗೈಯಗಲದ ತುಂಡು ಮಾತ್ರ. ಆ ಕಂಕುಳ ಚೌಕವನ್ನಂತೂ ಎಷ್ಟು ಹೊಗಳಿದರೂ ಸಾಲದು. ತೋಳೆತ್ತಿದಾಗ ಬಟ್ಟೆ ಜಗ್ಗದೆ ಬಿಚ್ಚಿಕೊಳ್ಳುವುದು ಅದರಿಂದ. ಓರೆಯಾಗಿ ಕೂರುವ ಆ ಸಣ್ಣ ತುಂಡು, ಅಂಗಿಯ ತೋಳನ್ನು ಬಾಗಿಸಿ ಬಾಗಿಸಿ ಕೂರಿಸುವ ಇಡೀ ಕಷ್ಟವನ್ನು ಒಂದೇ ಏಟಿಗೆ ಬಗೆಹರಿಸಿದೆ. ಒಂದು ಎಚ್ಚರ: ಕಲಿಗಳಲ್ಲಿ ಎರಡು ತಲೆಕೆಳಗಾಗಿ ಬರುವುದರಿಂದ, ಮೇಲ್ಮುಖ ಕೆಳಮುಖವಿರುವ ಹೂವಿನ ಚಿತ್ತಾರದ ಬಟ್ಟೆ ಇದಕ್ಕೆ ಸಲ್ಲದು. ಸಾದಾ ಬಟ್ಟೆ, ಇಲ್ಲವೇ ಗೆರೆಯ ಬಟ್ಟೆ ಸಾಕು.

ಈ ಉಡುಪಿನಲ್ಲಿ ಬಳುಕು ಗೆರೆ ಎಂಬುದು ಕೊರಳಿನದೊಂದೇ. ಉಳಿದದ್ದೆಲ್ಲ ನೇರ. ನೇರ ಗೆರೆಗೆ ಮೇಜು ಬೇಡ, ಹಲವು ಸಲ ಕತ್ತರಿಯೂ ಬೇಡ. ಸಾದಾ ನೇಯ್ಗೆಯ ಹತ್ತಿ ಬಟ್ಟೆಗೆ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಕೊಟ್ಟು ಎರಡೂ ಕೈಯಲ್ಲಿ ಹರಿದರೆ ಅದು ಎಳೆಯ ಗುಂಟವೇ ಹರಿಯುತ್ತದೆ. ಹಾಸಾಗಲಿ ಹೊಕ್ಕಾಗಲಿ, ನೂಲು ತಾನೇ ದಾರಿ ತೋರಿಸುತ್ತದೆ. ಬಟ್ಟೆ ಅಂಗಡಿಯವರು ಸರಕ್ಕನೆ ಹರಿದುಕೊಡುವುದು ಆತುರಕ್ಕಲ್ಲ, ಹಾಗೆ ಹರಿದದ್ದೇ ಅತ್ಯಂತ ನೇರ ಎಂಬ ಕಾರಣಕ್ಕೆ. ಕತ್ತರಿಸಿದ ಗೆರೆ ಕಣ್ಣಿಗೆ ನೇರವಾಗಿ ಕಂಡೂ ಎಳೆಗೆ ಓರೆಯಾಗಿದ್ದರೆ ನಾಲ್ಕು ಸಲ ಒಗೆಯುವಷ್ಟರಲ್ಲಿ ಉಡುಪು ತಿರುಚಿಕೊಳ್ಳುತ್ತದೆ, ಹರಿದದ್ದಕ್ಕೆ ಆ ಭಯವಿಲ್ಲ. ಹೊಸ ಹತ್ತಿ ಬಟ್ಟೆ ನೀರು ಕಂಡೊಡನೆ ಕುಗ್ಗುವುದರಿಂದ ಅದನ್ನು ಮೊದಲೇ ನೆನೆಸಿ ಒಣಗಿಸಿರಬೇಕು ಎಂಬುದೊಂದು ಮರೆಯಬಾರದು. ಮಿಕ್ಕ ಸಲಕರಣೆಗಳೆಲ್ಲ ಮನೆಯಲ್ಲೇ ಇವೆ. ಸವೆದು ತೆಳ್ಳಗಾದ ಸೋಪಿನ ಬಿಲ್ಲೆಯಿಂದ ಗೆರೆ ಎಳೆದರೆ ದರ್ಜಿಯ ಸೀಮೆಸುಣ್ಣಕ್ಕಿಂತ ಸಣ್ಣಗೆ ಮೂಡುತ್ತದೆ, ಒಗೆದರೆ ಹೋಗುತ್ತದೆ. ಕೊರಳಿನ ದುಂಡಿಗೆ ತಟ್ಟೆಯ ಅಂಚು. ಬಟ್ಟೆ ಸರಿಯದಂತೆ ನಾಲ್ಕು ಮೂಲೆಗೆ ನೀರು ತುಂಬಿದ ಲೋಟದ ಬದಲು ಅಕ್ಕಿ ತುಂಬಿದ ಲೋಟ, ಯಾಕೆಂದರೆ ಉರುಳಿದರೂ ನಷ್ಟವಿಲ್ಲ. ಇಸ್ತ್ರಿಗೆ ನಾಲ್ಕು ಮಡಿಕೆ ಮಾಡಿದ ಕಂಬಳಿಯ ಮೇಲೊಂದು ಹಳೆಯ ಪಂಚೆ. ನಕ್ಷೆಗೆ ನಿನ್ನೆಯ ಪತ್ರಿಕೆ. ಕೊಳ್ಳಲೇಬೇಕಾದದ್ದು ಒಂದು ಒಳ್ಳೆಯ ಕತ್ತರಿ. ಅದರಿಂದ ಕಾಗದ ಕತ್ತರಿಸಲು ಮನೆಯವರಾರಿಗೂ ಕೊಡಬಾರದು, ಕಾಗದ ಅಲಗನ್ನು ಮೊಂಡು ಮಾಡುತ್ತದೆ.

ಇನ್ನು ಯಂತ್ರ. ಎಲಿಯಾಸ್ ಹೋವ್ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಯಂತ್ರಗಳಿಗೂ, ಕಲ್ಕತ್ತೆಯ ಜೈ ಎಂಜಿನಿಯರಿಂಗ್ 1930ರ ದಶಕದಿಂದ ತಯಾರಿಸಿದ ಉಷಾ ಯಂತ್ರಕ್ಕೂ, ಇವತ್ತು ಬೆಂಗಳೂರಿನ ಪೀಣ್ಯದ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಓಡುವ ಯಂತ್ರಕ್ಕೂ ಹೊಲಿಗೆಯ ತತ್ವ ಒಂದೇ. ತುದಿಯಲ್ಲೇ ಕಣ್ಣಿರುವ ಸೂಜಿ ಮೇಲಿನ ದಾರವನ್ನು ಕೆಳಗಿಳಿಸುತ್ತದೆ, ಬಾಬಿನ್ನಿನ ದಾರ ಅದರ ಕುಣಿಕೆಯೊಳಗೆ ಹಾದುಹೋಗುತ್ತದೆ, ಎರಡೂ ಬಟ್ಟೆಯ ನಡುವೆ ಗಂಟು ಬೀಳುತ್ತವೆ. ವ್ಯತ್ಯಾಸವಿರುವುದು ವೇಗದಲ್ಲಿ. ಕಾರ್ಖಾನೆಯ ಯಂತ್ರ ನಿಮಿಷಕ್ಕೆ 5,000 ಹೊಲಿಗೆಯವರೆಗೂ ಓಡಬಲ್ಲದು. ಕೈಯಂತ್ರ ಓಡುವುದು ತಿರುಗಿಸುವ ಕೈಯಷ್ಟೇ. ಕಲಿಯುವವರಿಗೆ ಈ ನಿಧಾನವೇ ವರ. ಮೂಲೆ ಬಂದಾಗ ಒಂದೊಂದೇ ಹೊಲಿಗೆ ಇಟ್ಟು ತಿರುಗಬಹುದು. ಕರೆಂಟು ಹೋದರೆ ಕೆಲಸ ನಿಲ್ಲುವುದಿಲ್ಲ. ಹಳೆಯ ಯಂತ್ರದಲ್ಲಿ ಹೊಲಿಗೆ ತಪ್ಪುತ್ತಿದ್ದರೆ ಯಂತ್ರವೇ ಕೆಟ್ಟಿದೆ ಎಂದು ಕೈಬಿಡುವವರೇ ಹೆಚ್ಚು. ಬಹಳ ಸಲ ಬದಲಿಸಬೇಕಾದದ್ದು ಸೂಜಿಯನ್ನು ಮಾತ್ರ. ಮೊಂಡಾದ ಅಥವಾ ತಿರುಗುಮುರುಗಾಗಿ ಕೂರಿಸಿದ ಸೂಜಿ ಕುಣಿಕೆ ಹಿಡಿಯುವುದಿಲ್ಲ. ಸಾಧಾರಣ ಹತ್ತಿ ಬಟ್ಟೆಗೆ 14ನೇ ನಂಬರಿನ ಸೂಜಿ ಸರಿ, ತೆಳು ಮಲ್ ಬಟ್ಟೆಗೆ 11. ಕೊಬ್ಬರಿ ಎಣ್ಣೆ ಹಾಕುವ ಅಭ್ಯಾಸವಂತೂ ಯಂತ್ರಕ್ಕೆ ಶತ್ರು. ಚಳಿಗೆ ಅದು ಗಟ್ಟಿಯಾಗಿ, ದೂಳು ಸೇರಿ ಅಂಟಾಗಿ, ಓಡುವ ಭಾಗವನ್ನೇ ಹಿಡಿದುಹಾಕುತ್ತದೆ. ಯಂತ್ರದ ಎಣ್ಣೆಯನ್ನೇ ಹಾಕಬೇಕು.

ಓವರ್‌ಲಾಕ್ ಇಲ್ಲದಿದ್ದರೆ ಒಳಗಿನ ಎಳೆ ಬಿಚ್ಚುವುದಿಲ್ಲವೇ ಎಂಬ ಪ್ರಶ್ನೆ ಉಳಿಯಿತು. ಇದಕ್ಕೆ ಹಳೆಯ ಉತ್ತರ ಇವತ್ತಿನದಕ್ಕಿಂತ ಚೆಂದ. ಎರಡು ತುಂಡುಗಳ ಒಳಮೈ ಸೇರುವಂತೆ ಇಟ್ಟು ಕಾಲಿಂಚಿಗೆ ಮೊದಲ ಹೊಲಿಗೆ, ಆಮೇಲೆ ಬಟ್ಟೆ ತಿರುಗಿಸಿ ಆ ಅಂಚನ್ನೆಲ್ಲ ನುಂಗುವಂತೆ ಎರಡನೆಯ ಹೊಲಿಗೆ. ಎಳೆಗಳು ಬಟ್ಟೆಯೊಳಗೇ ಬಂದಿಯಾಗುತ್ತವೆ. ಒಳಗೂ ಹೊರಗೂ ಒಂದೇ ಅಚ್ಚುಕಟ್ಟು. ಅಂಗಡಿಯಿಂದ ತಂದ ಕಡಿಮೆ ಬೆಲೆಯ ಅಂಗಿಯನ್ನು ಒಳಮಗ್ಗುಲಾಗಿ ತಿರುಗಿಸಿ ನೋಡಿದರೆ ಸಾಮಾನ್ಯವಾಗಿ ಸಿಗುವುದು ಓವರ್‌ಲಾಕಿನ ಬಲೆ. ಅದು ವೇಗಕ್ಕಾಗಿ ಕಂಡುಕೊಂಡ ದಾರಿ. ಎರಡು ಸಲ ಹೊಲಿಯುವ ಸಮಯವನ್ನು ಕಾರ್ಖಾನೆ ಪ್ರತಿ ಉಡುಪಿಗೂ ಕೊಡಲಾರದು, ಮನೆಯಲ್ಲಿ ಹೊಲಿಯುವವರು ಕೊಡಬಲ್ಲರು. ಎಂದರೆ ಇಲ್ಲಿ ಯಂತ್ರದ ಕೊರತೆಯೇ ಹೆಚ್ಚು ಬಾಳುವ ಹೊಲಿಗೆಗೆ ದಾರಿ ಮಾಡಿದೆ. ಸಲಕರಣೆಯ ವಾದಕ್ಕೆ ಕೊನೆಯ ಸಾಕ್ಷಿಯನ್ನು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳು ಕೊಡುತ್ತಾರೆ. ಅವರ ಕೌದಿಗೆ ಚೌಕಟ್ಟಿಲ್ಲ, ಯಂತ್ರವಿಲ್ಲ, ಮೊದಲೇ ಬರೆದ ನಕ್ಷೆಯೂ ಇಲ್ಲ. ನೆಲದ ಮೇಲೆ ಹಳೆಯ ಸೀರೆ ಹರಡಿ, ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಸೂಜಿ ಹೋದ ಹಾಗೆ ತುಂಡುಗಳು ಸೇರುತ್ತವೆ, ಮೂಲೆಗಳಿಗೆ ಮಡಚಿದ ಬಟ್ಟೆಯ ಹೂವು ಕೂರುತ್ತದೆ. ಆ ಕೌದಿಗಳು ಅಮೆರಿಕದಲ್ಲಿ ಕಲಾಕೃತಿಗಳೆಂದೇ ಪ್ರದರ್ಶನಗೊಂಡಿವೆ.

ಜುಬ್ಬಾ, ಪೈಜಾಮ, ಲಂಗ, ಕೌದಿ ಸರಿ, ಇವತ್ತಿನವರು ತೊಡುವುದು ಶರ್ಟು, ಟೀ ಶರ್ಟು, ಜೀನ್ಸು ಅಲ್ಲವೇ ಎಂದು ಕೇಳುವವರು ನ್ಯಾಯವಾಗಿಯೇ ಕೇಳುತ್ತಾರೆ. ಟೀ ಶರ್ಟಿನ ಹೆಣಿಗೆ ಬಟ್ಟೆ ಹಿಗ್ಗುತ್ತದೆ, ನೇರ ಹೊಲಿಗೆ ಹಿಗ್ಗುವುದಿಲ್ಲ. ಹೊಲಿದರೂ ತಲೆ ತೂರಿಸಿದಾಗ ದಾರ ಪಟಪಟನೆ ಹರಿಯುತ್ತದೆ. ಅದನ್ನೂ ಒಳಉಡುಪನ್ನೂ ಕೊಳ್ಳುವುದೇ ಲೇಸು. ಶರ್ಟಿನ ತೋಳಿನ ತಲೆ ತೋಳುಗಂಡಿಗಿಂತ ಬೇಕೆಂದೇ ತುಸು ದೊಡ್ಡದಾಗಿರುತ್ತದೆ. ಆ ಹೆಚ್ಚುವರಿಯನ್ನು ಸುಕ್ಕು ಕಾಣದಂತೆ ಕೂರಿಸಲು ಕೈ ಪಳಗಿರಬೇಕು. ಕಾಲರ್ ಗಟ್ಟಿ ನಿಲ್ಲಲು ಒಳಗೆ ಕ್ಯಾನ್ವಾಸು, ಅದನ್ನು ಅಂಟಿಸಲು ಬಿಸಿ ಒತ್ತಡ. ಇದೆಲ್ಲ ಕಾರ್ಖಾನೆಯ ನೆಲೆ, ಅಲ್ಲಿ ಹೋಗಿ ಗುದ್ದಾಡುವುದರಲ್ಲಿ ಅರ್ಥವಿಲ್ಲ. ಆದರೆ ಸೀರೆಗೆ ತೊಡುವ ರವಿಕೆಯ ಮಾತು ಬೇರೆ. ಅದು ಮೈಗೆ ಅಂಟಿ ಕೂರಬೇಕಾದ, ಡಾಟುಗಳ ಮೇಲೆ ನಿಂತ, ಎಲ್ಲಕ್ಕಿಂತ ಕಷ್ಟದ ಉಡುಪು. ಕರ್ನಾಟಕದ ಮನೆಗಳಲ್ಲಿ ಹೆಂಗಸರು ಹೆಚ್ಚಾಗಿ ಹೊಲಿದುಕೊಂಡಿರುವುದೂ ಅದನ್ನೇ. ಅವರು ಅದನ್ನು ಸಾಧಿಸಿದ್ದು ಅಳತೆ ರವಿಕೆಯಿಂದ. ಹದವಾಗಿ ಕೂರುವ ಹಳೆಯ ರವಿಕೆಯೊಂದರ ಹೊಲಿಗೆ ಬಿಚ್ಚಿ, ತುಂಡುಗಳನ್ನು ಪತ್ರಿಕೆಯ ಮೇಲಿಟ್ಟು ಗೆರೆ ಎಳೆದರೆ ಸಿಗುವ ನಕ್ಷೆ ಟೇಪು ಹಿಡಿದು ಬರೆದದ್ದಕ್ಕಿಂತ ನಂಬಿಕೆಯದು. ಒಂದು ಭುಜ ಇನ್ನೊಂದಕ್ಕಿಂತ ಇಳಿದಿರುವುದು, ಬೆನ್ನು ತುಸು ಬಾಗಿರುವುದು, ಎಲ್ಲವನ್ನೂ ಆ ಬಟ್ಟೆ ವರ್ಷಗಟ್ಟಲೆ ಮೈಮೇಲಿದ್ದು ಕಲಿತಿರುತ್ತದೆ.

ಹಣದ ಮಾತಿಗೆ ಬರೋಣ. ಮನೆಯಲ್ಲಿ ಹೊಲಿದರೆ ಉಳಿತಾಯ ಎಂದು ಹೇಳುವುದು ಇವತ್ತಿನ ಮಟ್ಟಿಗೆ ಪ್ರಾಮಾಣಿಕವಲ್ಲ. ಒಳ್ಳೆಯ ಕೈಮಗ್ಗದ ಬಟ್ಟೆ ಎರಡು ಮೀಟರ್ ಕೊಳ್ಳುವ ದುಡ್ಡಿಗೆ ರಸ್ತೆಬದಿಯಲ್ಲಿ ಸಿದ್ಧ ಉಡುಪು ಸಿಕ್ಕೀತು. ಆದರೆ ಆ ಅಗ್ಗ ಎಲ್ಲಿಂದ ಬಂತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ರಾಣಾ ಪ್ಲಾಜಾ ಕಟ್ಟಡ ಕುಸಿದು ಸಿದ್ಧ ಉಡುಪು ಹೊಲಿಯುತ್ತಿದ್ದ 1,100ಕ್ಕೂ ಹೆಚ್ಚು ಮಂದಿ ಸತ್ತರು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಭವಿಷ್ಯನಿಧಿ ಹಿಂಪಡೆಯುವ ಹಕ್ಕನ್ನು ಮೊಟಕುಗೊಳಿಸಿದ ನಿಯಮದ ವಿರುದ್ಧ ಹೊಸೂರು ರಸ್ತೆ, ತುಮಕೂರು ರಸ್ತೆಗಳನ್ನು ತುಂಬಿ ನಿಂತರು. ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ನಿಯಮವನ್ನು ಹಿಂದಕ್ಕೆ ಪಡೆಯಿತು. ಮನೆಯಲ್ಲಿ ಒಂದು ಜುಬ್ಬಾ ಹೊಲಿದುಕೊಂಡ ಮಾತ್ರಕ್ಕೆ ಅವರ ಕೂಲಿ ಏರುವುದಿಲ್ಲ. ಅದು ಹೋರಾಟದಿಂದ, ಕಾನೂನಿನಿಂದ ಆಗಬೇಕಾದ ಕೆಲಸ. ಆದರೆ ಒಂದು ಕೊರಳಪಟ್ಟಿ ಕೂರಿಸಲು ಮುಕ್ಕಾಲು ಗಂಟೆ ಹೆಣಗಿದವರು ಮುಂದೆ ಬೆಲೆಚೀಟಿಯನ್ನು ಬೇರೆ ಕಣ್ಣಿಂದ ಓದುತ್ತಾರೆ. ಯಂತ್ರ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯೂ ಇದರ ಜೊತೆಗೇ ಬರುತ್ತದೆ. 1924ರಲ್ಲಿ ಯಂತ್ರಗಳ ಬಗ್ಗೆ ಕೇಳಿದಾಗ ಗಾಂಧೀಜಿ ಸಿಂಗರ್ ಹೊಲಿಗೆ ಯಂತ್ರವನ್ನು ತಮ್ಮ ವಿರೋಧದಿಂದ ಹೊರಗಿಟ್ಟರು. ಆ ಯಂತ್ರ ತಯಾರಿಸಲೂ ಕಾರ್ಖಾನೆ ಬೇಕಲ್ಲ ಎಂಬ ಮರುಪ್ರಶ್ನೆಗೆ, ಅಂಥ ಕಾರ್ಖಾನೆ ರಾಷ್ಟ್ರದ ಒಡೆತನದಲ್ಲೋ ಹತೋಟಿಯಲ್ಲೋ ಇರಬೇಕು ಎಂದರು. ಒಂದೇ ಯಂತ್ರ ಮನೆಯಲ್ಲೂ ಇದೆ, ಅಸೆಂಬ್ಲಿ ಲೈನಿನಲ್ಲೂ ಇದೆ. ಅಲ್ಲಿ ಒಬ್ಬಾಕೆ ದಿನವಿಡೀ ಕಾಲರನ್ನೇ ಹೊಲಿಯುತ್ತಾಳೆ, ಇಡೀ ಅಂಗಿ ಅವಳ ಕೈಗೆ ಬರುವುದೇ ಇಲ್ಲ.

ಹಣದ ಲೆಕ್ಕಕ್ಕೆ ಇನ್ನೊಂದು ಬದಿಯಿದೆ, ಅದು ಉಡುಪಿನ ಆಯಸ್ಸು. ಸಿದ್ಧ ಉಡುಪಿನಲ್ಲಿ ಹೊಲಿಗೆಯಾಚೆ ಬಿಡುವ ಬಟ್ಟೆ ಬಹಳ ಕಡಿಮೆ. ಲಕ್ಷಗಟ್ಟಲೆ ಉಡುಪಿನಲ್ಲಿ ಒಂದೊಂದು ಕಾಲಿಂಚು ಉಳಿದರೂ ಕಾರ್ಖಾನೆಗೆ ಅದೇ ಲಾಭ. ತೊಟ್ಟವರ ಮೈ ಎರಡು ಇಂಚು ತುಂಬಿದರೆ ಅದರ ಕಥೆ ಮುಗಿಯಿತು. ನಮ್ಮ ಮನೆಹೊಲಿಗೆಯ ಪದ್ಧತಿಯೇ ಬೇರೆ: ಒಳಗೆ ಧಾರಾಳವಾಗಿ ಬಟ್ಟೆ ಬಿಡು. ರವಿಕೆಯ ಪಕ್ಕದಲ್ಲಿ ಒಂದರ ಪಕ್ಕ ಒಂದು ಮೂರು ಹೊಲಿಗೆ ಹಾಕಿರುವುದು ಅದಕ್ಕೇ. ಬಾಣಂತನವಾದ ಮೇಲೆ ಒಂದು ಬಿಚ್ಚು, ವಯಸ್ಸಾದ ಮೇಲೆ ಇನ್ನೊಂದು. ಬೆಳೆಯುವ ಹುಡುಗಿಯ ಲಂಗಕ್ಕೆ ಕೆಳಗೆ ಎರಡು ಮೂರು ಮಡಿಕೆ ಇಟ್ಟು ಹೊಲಿದರೆ, ವರ್ಷಕ್ಕೊಂದು ಮಡಿಕೆ ಬಿಚ್ಚುತ್ತ ಅವಳ ಜೊತೆಗೇ ಲಂಗವೂ ಉದ್ದವಾಗುತ್ತದೆ. ಬಣ್ಣ ಮಾಸದ ಆ ಗೆರೆಗಳು ಅವಳು ಬೆಳೆದದ್ದರ ಗುರುತಾಗಿ ಬಟ್ಟೆಯ ಮೇಲೆ ಉಳಿಯುತ್ತವೆ. ಇದನ್ನು ಬೆಲೆಚೀಟಿಯಲ್ಲಿ ಬರೆಯಲು ಬರುವುದಿಲ್ಲ.

ಎಲ್ಲರೂ ಮನೆಯಲ್ಲೇ ಹೊಲಿದುಕೊಂಡರೆ ಬೀದಿಯ ದರ್ಜಿಯ ಗತಿಯೇನು ಎಂಬ ಕಳಕಳಿಗೂ ಉತ್ತರ ಕೊಡಬೇಕು. ದರ್ಜಿಯ ಗಿರಾಕಿಯನ್ನು ಕಸಿದದ್ದು ಮನೆಯ ಕೈಯಂತ್ರವಲ್ಲ, ಮಾಲ್‌ಗಳು ಮತ್ತು ಮೊಬೈಲಿನೊಳಗಿನ ಆನ್‌ಲೈನ್ ಅಂಗಡಿಗಳು. ಮನೆಯಲ್ಲಿ ಹೊಲಿಯುವವರು ಕಾಜಾ ಹೊಡೆಸಲು, ಪೀಕೋ ಮಾಡಿಸಲು, ಕಂಕುಳ ಯಾಕೆ ಜಗ್ಗುತ್ತಿದೆ ಎಂದು ಕೇಳಲು ಅದೇ ದರ್ಜಿಯ ಬಳಿ ಹೋಗುತ್ತಾರೆ. ಕೂಲಿಗೆ ಚೌಕಾಸಿ ಮಾಡುವ ಮನಸ್ಸೂ ಅವರಿಗೆ ಅಷ್ಟಾಗಿ ಬರುವುದಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಕೊನೆಯದು. ಮನೆಹೊಲಿಗೆಯನ್ನು ಹೊಗಳುವುದೆಂದರೆ ಮತ್ತೆ ಹೆಂಗಸರ ತಲೆಗೇ ಕೆಲಸ ಕಟ್ಟುವುದಲ್ಲವೇ? ಹೊಲಿಗೆ ಕಲಿತ ಹುಡುಗಿ ಮನೆಗೆ ಆದಾಳು ಎಂಬ ಮಾತಿನ ಹಿಂದೆ ಎಷ್ಟು ಓದು ನಿಂತುಹೋಗಿದೆ? ಗಂಡ ಸತ್ತವಳಿಗೆ, ಗಂಡ ಬಿಟ್ಟವಳಿಗೆ, ಕೆಲಸ ಕೇಳಿದವಳಿಗೆ ಸರ್ಕಾರವೂ ದಾನಿಗಳೂ ಒಂದೇ ಉತ್ತರವಾಗಿ ಹೊಲಿಗೆ ಯಂತ್ರ ಹಂಚಿದ ಚಿತ್ರಗಳನ್ನು ನಾವು ಎಷ್ಟು ಸಲ ಪತ್ರಿಕೆಗಳಲ್ಲಿ ನೋಡಿಲ್ಲ? ಸಿದ್ಧ ಉಡುಪು ಬಂದು ಆ ದುಡಿಮೆಯಿಂದ ಅವರನ್ನು ಬಿಡಿಸಿತು ಎಂಬುದು ನಿಜ, ಅದನ್ನು ಅಲ್ಲಗಳೆಯುವ ವಾದ ಯಾವುದೂ ನಿಲ್ಲದು. ಹಾಗಾಗಿ ಹೊಲಿಗೆ ಮನೆಗೆ ಮರಳುವುದಾದರೆ ಅದು ಒಬ್ಬಳ ಹೆಗಲ ಮೇಲೆ ಮರಳಬಾರದು. ನೋಡಿದರೆ ಸೂಜಿ ಹೆಣ್ಣಿನದು ಎಂಬ ಎಣಿಕೆಯೇ ಸರಿಯಲ್ಲ. ನಮ್ಮ ಪೇಟೆಗಳಲ್ಲಿ ದುಡ್ಡಿಗೆ ಹೊಲಿಯುತ್ತಿದ್ದ ಚಿಪ್ಪಿಗರು, ಸಿಂಪಿಗರು ಬಹುಪಾಲು ಗಂಡಸರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರಿದ್ದರು, ಹೊಲಿಗೆಯೇ ಅವರ ಕಾಯಕ, ಹೆಸರಿನಲ್ಲೇ ಸೂಜಿಯನ್ನು ಧರಿಸಿದವರು. ಮೇಲೆ ಲೆಕ್ಕ ಹಾಕಿದ ಜುಬ್ಬಾ ಹೈಸ್ಕೂಲಿನ ಹುಡುಗನೊಬ್ಬ ರಜೆಯಲ್ಲಿ ಮಾಡಿ ಮುಗಿಸಬಹುದಾದದ್ದು. ಕಲಿ ಎಂದರೆ ಅವನ ಗಣಿತದ ಪುಸ್ತಕದಲ್ಲಿರುವ ತ್ರಾಪಿಜ್ಯವೇ: ಮೇಲೆ 3, ಕೆಳಗೆ 6, ಎತ್ತರ 32, ವಿಸ್ತೀರ್ಣ 144 ಚದರ ಇಂಚು, ಅಂಥವೆರಡು ಸೇರಿದರೆ 9 ಇಂಚು ಅಗಲದ ಆ ಆಯತಕ್ಕೆ ಸರಿಯಾಗಿ 288. ಅಷ್ಟನ್ನು ಚಾಪೆಯ ಮೇಲೆ ಸೋಪಿನ ಬಿಲ್ಲೆಯಿಂದ ಬರೆದು, ತಾನೇ ಹೊಲಿದು, ಶಾಲೆ ತೆರೆದ ದಿನ ಅದನ್ನು ತೊಟ್ಟುಹೋಗಲು ಅವನಿಗೆ ಬೇಕಾದದ್ದು ಕುಗ್ಗುವ ಪಾಲೂ ಸೇರಿ ಎರಡೂಕಾಲು ಮೀಟರ್ ಬಟ್ಟೆ, ಒಂದು ರೀಲು ದಾರ, ಮತ್ತು ಮಂಚ ಸರಿಸಲು ಒಪ್ಪುವ ಮನೆಮಂದಿ.